ಗ್ರೀನ್‌ಹೌಸ್‌ಗೆ ಸ್ಪ್ರೇ ಫೋಮ್ ಹೊಡೆಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಹಿತ್ತಲಲ್ಲಿ 16 ಅಡಿ ಉದ್ದ, 8 ಅಡಿ ಅಗಲದ ಒಂದು ಗ್ರೀನ್‌ಹೌಸ್ ಇದೆ. ಅದರಲ್ಲಿ ಎರಡು ಕರಿಬೇವು, ಒಂದು ದುಂಡುಮಲ್ಲಿಗೆ, ಕುಂಡದಲ್ಲಿ ವೀಳ್ಯದೆಲೆ ಬಳ್ಳಿ, ಒಂದಷ್ಟು ದೊಡ್ಡಪತ್ರೆ ಇವೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ನಮ್ಮ ರಾಜ್ಯದ ಉತ್ತರದಲ್ಲಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51ಕ್ಕೆ ಇಳಿದಿತ್ತು. ಇಂಥ ಜಾಗದಲ್ಲಿ ಕರಿಬೇವು ಉಳಿಸಿಕೊಳ್ಳಬೇಕು ಅಂದರೆ ಶಾಖ ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಹುಡುಕಿ ಮುಚ್ಚಲೇಬೇಕು. ಅದಕ್ಕೆ ಒಂದು ದಾರಿ ಸ್ಪ್ರೇ ಫೋಮ್, ಅಂದರೆ ಗನ್ನಿನಿಂದ ಗೋಡೆಗೆ ಹೊಡೆದರೆ ಉಬ್ಬಿ ಗಟ್ಟಿಯಾಗಿ ಶಾಖ ತಡೆಯುವ ನೊರೆ. ಇಲ್ಲಿನ ಕನ್ನಡದ ಸ್ನೇಹಿತರು ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ, ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಗ್ರೀನ್‌ಹೌಸ್ ಅಂದರೆ ಬೆಳಕು ಬರಬೇಕು. ಫೋಮ್ ಹೊಡೆದರೆ ಕತ್ತಲಾಗಲ್ವಾ?

ಹೊಡೆದ ಕಡೆ ಕತ್ತಲಾಗುತ್ತದೆ. ಅದಕ್ಕೇ ಎಲ್ಲ ಕಡೆ ಹೊಡೆಯುವುದಲ್ಲ. ಫೋಮ್‌ಗೆ ಸರಿಯಾದ ಜಾಗ ಮೂರೇ: ಉತ್ತರದ ಗೋಡೆ, ನೆಲಕ್ಕೆ ಹತ್ತಿದ ಅಡಿಪಾಯದ ಸುತ್ತು, ಮತ್ತೆ ಸಂದುಗಳು. ಉಳಿದಿದ್ದೆಲ್ಲ ಬೆಳಕಿಗೆ ಬಿಡಿ.

ಉತ್ತರವೇ ಯಾಕೆ ಅಂದರೆ, ಮಿನಿಯಾಪೊಲಿಸ್ ಇರುವುದು 45 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಇಲ್ಲಿ ಸೂರ್ಯ ದಿಗಂತದಿಂದ ಮೇಲೆ ಏರುವುದು ಸುಮಾರು 21 ಡಿಗ್ರಿ ಮಾತ್ರ. ಇಡೀ ಚಳಿಗಾಲ ಅವನು ದಕ್ಷಿಣದ ಕಡೆ ಕೆಳಗೇ ಓಡಾಡಿಕೊಂಡಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಗೋಡೆಯ ಮೂಲಕ ನೇರ ಬಿಸಿಲು ಒಳಗೆ ಬರುವುದೇ ಇಲ್ಲ, ಶಾಖ ಹೊರಗೆ ಹೋಗುವುದು ಮಾತ್ರ ರಾತ್ರಿ ಹಗಲು ನಡೆಯುತ್ತಿರುತ್ತದೆ. ಗೋಡೆಯನ್ನು ಮುಚ್ಚಿ, ಒಳಮುಖಕ್ಕೆ ಬಿಳಿ ಬಣ್ಣ ಹಚ್ಚಿದರೆ ದಕ್ಷಿಣದಿಂದ ಬಂದ ಬೆಳಕು ಅದಕ್ಕೆ ಬಡಿದು ಗಿಡಗಳ ಬೆನ್ನಿಗೂ ಸಿಗುತ್ತದೆ.

ಜೂನ್‌ನಲ್ಲಿ ಕಥೆ ಬೇರೆ. ಆಗ ಸೂರ್ಯ ಹುಟ್ಟುವುದು ಈಶಾನ್ಯದಲ್ಲಿ, ಮುಳುಗುವುದು ವಾಯವ್ಯದಲ್ಲಿ. ಬೆಳಿಗ್ಗೆ ಸಂಜೆಯ ಆ ಸ್ವಲ್ಪ ಬಿಸಿಲು ತಪ್ಪುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಬರ ಇಲ್ಲವಲ್ಲ, ನಾನು ಅದಕ್ಕೆ ತಲೆಕೆಡಿಸಿಕೊಂಡಿಲ್ಲ.

ನಿಜಕ್ಕೂ ಎಷ್ಟು ಶಾಖ ಉಳಿಯುತ್ತದೆ? ಲೆಕ್ಕ ಕೊಡಿ.

ಲೆಕ್ಕ ಸುಲಭ. ಗೋಡೆಯ ಚದರ ಅಡಿಯನ್ನು ಒಳಗೂ ಹೊರಗೂ ಇರುವ ಫ್ಯಾರನ್‌ಹೀಟ್ ವ್ಯತ್ಯಾಸದಿಂದ ಗುಣಿಸಿ, ಆರ್ ಮೌಲ್ಯದಿಂದ ಭಾಗಿಸಿ. ಗಂಟೆಗೆ ಎಷ್ಟು ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಹೋಗುತ್ತದೆ ಅಂತ ಬರುತ್ತದೆ. ಆರ್ ಮೌಲ್ಯ ಅಂದರೆ ಶಾಖವನ್ನು ತಡೆಯುವ ಶಕ್ತಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು.

ನನ್ನ ಉತ್ತರದ ಗೋಡೆ 16 ಅಡಿ ಉದ್ದ, 8 ಅಡಿ ಎತ್ತರ, ಅಂದರೆ 128 ಚದರ ಅಡಿ. ಒಳಗೆ 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್), ಹೊರಗೆ ಮೈನಸ್ 10 (ಸೆಲ್ಸಿಯಸ್‌ನಲ್ಲಿ ಮೈನಸ್ 23) ಅಂತ ಇಟ್ಟುಕೊಳ್ಳಿ, ಜನವರಿಯಲ್ಲಿ ಇಲ್ಲಿ ಇದು ಅಪರೂಪವೇನಲ್ಲ. ವ್ಯತ್ಯಾಸ 60. ಮೊದಲು ಅಲ್ಲಿ ಇದ್ದದ್ದು 8 ಮಿಲಿಮೀಟರ್ ದಪ್ಪದ ಎರಡು ಪದರದ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್ ಹಾಳೆ), ಅದರ ಆರ್ ಮೌಲ್ಯ ಸುಮಾರು 1.7. ಗಂಟೆಗೆ ಸುಮಾರು 4,500 ಬಿಟಿಯು ಆ ಒಂದು ಗೋಡೆಯಿಂದಲೇ ಹೋಗುತ್ತಿತ್ತು. ಹಾಳೆ ಬಿಚ್ಚಿ, ಹೊರಗಿನಿಂದ ಪ್ಲೈವುಡ್ ಹೊಡೆದು, ಒಳಗೆ 2 ಇಂಚು ಫೋಮ್ ಕೂರಿಸಿದ ಮೇಲೆ ಆರ್ ಮೌಲ್ಯ 14ರ ಹತ್ತಿರ ಬಂತು. ಮರದ ಕಂಬಗಳ ಮೂಲಕ ಹೋಗುವ ಶಾಖ ಬಿಟ್ಟರೆ ಈಗ ಹೋಗುವುದು 550 ಬಿಟಿಯು ಮಾತ್ರ. ಉಳಿತಾಯ ಹತ್ತಿರ ಹತ್ತಿರ 4,000. 1,500 ವ್ಯಾಟ್‌ನ ಹೀಟರ್ ಒಂದು ಗಂಟೆಯಲ್ಲಿ ಕೊಡುವುದು 5,100 ಬಿಟಿಯು, ಅದರ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಯಿತು.

ಆದರೆ ಇದನ್ನೂ ನೋಡಿ. ಉಳಿದ ಮೂರು ಗೋಡೆ ಮತ್ತು ಮಾಡು ಸೇರಿ ನನ್ನಲ್ಲಿ ಸುಮಾರು 300 ಚದರ ಅಡಿ ಪಾಲಿಕಾರ್ಬೊನೇಟ್ ಇದೆ. ಅಲ್ಲಿಂದ ಅದೇ ರಾತ್ರಿ 10,600 ಬಿಟಿಯು ಹೋಗುತ್ತದೆ. ಒಟ್ಟು ಲೆಕ್ಕದಲ್ಲಿ ಫೋಮ್‌ನಿಂದ ಉಳಿದದ್ದು ಕಾಲು ಭಾಗ ಅಷ್ಟೇ. ಅರ್ಧಕ್ಕೆ ಅರ್ಧ ಬಿಲ್ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ಓಪನ್ ಸೆಲ್, ಕ್ಲೋಸ್ಡ್ ಸೆಲ್ ಅಂತಾರಲ್ಲ, ಯಾವುದು?

ಕ್ಲೋಸ್ಡ್ ಸೆಲ್. ಗ್ರೀನ್‌ಹೌಸ್‌ನಲ್ಲಿ ಬೇರೆ ಮಾತೇ ಇಲ್ಲ. ಓಪನ್ ಸೆಲ್ ಅಂದರೆ ಫೋಮ್ ಒಳಗಿನ ಗುಳ್ಳೆಗಳು ತೆರೆದಿರುವ ಬಗೆ, ಕ್ಲೋಸ್ಡ್ ಸೆಲ್ ಅಂದರೆ ಮುಚ್ಚಿರುವ ಬಗೆ. ಓಪನ್ ಸೆಲ್ ಮೆತ್ತಗಿರುತ್ತದೆ, ಅಗ್ಗ, ಆದರೆ ಇಂಚಿಗೆ ಆರ್ 3.5ರ ಆಸುಪಾಸು, ಜೊತೆಗೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, ಇಂಚಿಗೆ 6ರಿಂದ 7, ಎರಡು ಇಂಚು ದಪ್ಪ ಕೂತರೆ ನೀರಿನ ಆವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ದಿನವಿಡೀ ಗಿಡಗಳು ತೇವ ಬಿಡುವ ಜಾಗಕ್ಕೆ ಓಪನ್ ಸೆಲ್ ಹೊಡೆಸಿದರೆ ಒದ್ದೆ ಕಂಬಳಿ ಹೊದ್ದ ಹಾಗಾಗುತ್ತದೆ.

ಪಾಲಿಕಾರ್ಬೊನೇಟ್ ಅಥವಾ ಗಾಜಿನ ಮೇಲೇ ನೇರವಾಗಿ ಹೊಡೆಸಬಹುದಾ? ಬಿಚ್ಚುವ ಕೆಲಸ ತಪ್ಪುತ್ತದೆ.

ಬೇಡ. ಪಾಲಿಕಾರ್ಬೊನೇಟ್ ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುವ ವಸ್ತು. 8 ಅಡಿಯ ಒಂದು ಹಾಳೆ, ಬೇಸಿಗೆಯ ಬಿಸಿಲಿಗೂ ಚಳಿಗಾಲದ ರಾತ್ರಿಗೂ 60 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಅಂದರೆ, ಸುಮಾರು ಒಂದು ಸೆಂಟಿಮೀಟರ್ ಉದ್ದ ಆಗಿ ಗಿಡ್ಡ ಆಗುತ್ತದೆ. ಅದು ಓಡಾಡಲಿ ಅಂತಲೇ ಚೌಕಟ್ಟಿನಲ್ಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿಗೆ ಗಟ್ಟಿ ಫೋಮ್ ಅಂಟಿಸಿದರೆ ಹಾಳೆ ಉಬ್ಬಬೇಕು, ಇಲ್ಲಾ ಫೋಮ್ ಬಿಡಬೇಕು. ಅದೂ ಅಲ್ಲದೆ ಬಿಸಿಲು ಹಾಳೆಯ ಮೂಲಕ ಫೋಮ್‌ನ ಬೆನ್ನಿಗೇ ಬೀಳುತ್ತದೆ. ಒಮ್ಮೆ ಅಂಟಿದ ಮೇಲೆ ಕೀಳುವ ಆಸೆ ಬಿಟ್ಟುಬಿಡಿ, ಹಾಳೆಯನ್ನೇ ಎಸೆಯಬೇಕಾಗುತ್ತದೆ.

ಪಾಲಿಥಿನ್ ಹಾಳೆಯ ಗ್ರೀನ್‌ಹೌಸ್ ಆದರೆ ಇನ್ನೂ ಆಗದ ಕೆಲಸ. ಪಾಲಿಥಿನ್‌ಗೆ ಈ ಫೋಮ್ ಸರಿಯಾಗಿ ಅಂಟುವುದೇ ಇಲ್ಲ. ಹೊಡೆಯುವಾಗ ಅಕ್ಕಪಕ್ಕದ ವಸ್ತುಗಳಿಗೆ ಹೊದಿಸುವುದೇ ಪಾಲಿಥಿನ್.

ಬಿಸಿಲು ಬಿದ್ದರೆ ಏನಾಗುತ್ತದೆ?

ಹಾಳಾಗುತ್ತದೆ. ಹೊಸ ಫೋಮ್ ಕೆನೆ ಬಣ್ಣದಲ್ಲಿರುತ್ತದೆ. ನನ್ನ ಬಾಗಿಲ ಪಕ್ಕ ಒಂದು ಗೇಣು ಅಗಲದ ಪಟ್ಟಿ ಬಣ್ಣ ಹಚ್ಚದೆ ಉಳಿದುಹೋಗಿತ್ತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೊದಲು ಹಳದಿ, ಆಮೇಲೆ ಬೆಲ್ಲದ ಬಣ್ಣ. ಬೆರಳಿಟ್ಟು ಉಜ್ಜಿದರೆ ಕಂದು ಪುಡಿ ಉದುರಿ ಕೆಳಗಿದ್ದ ದೊಡ್ಡಪತ್ರೆಯ ಎಲೆ ಮೇಲೆ ಬಿತ್ತು. ಅದರ ಎಲೆಯಲ್ಲಿ ರೋಮ ಇರುತ್ತದಲ್ಲ, ಪುಡಿ ಹಿಡಿದುಕೊಂಡರೆ ತೊಳೆದರೂ ಹೋಗಲ್ಲ. ತಿನ್ನುವ ಸೊಪ್ಪು ಅದು, ಆ ಕೊಂಬೆಗಳನ್ನೆಲ್ಲ ಕತ್ತರಿಸಿ ಎಸೆದೆ. ಫೋಮ್ ಗಟ್ಟಿಯಾದ ಕೆಲವೇ ದಿನಗಳಲ್ಲಿ ಪೂರ್ತಿ ಮುಚ್ಚಿಬಿಡಿ.

ಯಾವುದರಿಂದ ಮುಚ್ಚಬೇಕು? ಜಿಪ್ಸಮ್ ಬೋರ್ಡ್ ಸಾಕಾ?

ಮುಚ್ಚುವುದು ಬಿಸಿಲಿಗೆ ಮಾತ್ರ ಅಲ್ಲ, ಮುಖ್ಯವಾಗಿ ಬೆಂಕಿಗೆ. ಈ ಫೋಮ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್, ಹತ್ತಿಕೊಂಡರೆ ದಟ್ಟ ಕಪ್ಪು ಹೊಗೆ ಬರುತ್ತದೆ, ಅದರಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಗ್ರೀನ್‌ಹೌಸ್‌ನಲ್ಲಿ ಹೀಟರ್ ಇದೆ, ದೀಪ ಇದೆ, ನೀರಿನ ಪಕ್ಕದಲ್ಲೇ ವೈರ್ ಇದೆ. ಜನ ಓಡಾಡುವ ಕಟ್ಟಡದಲ್ಲಿ ಫೋಮ್ ಮೇಲೆ ಹದಿನೈದು ನಿಮಿಷ ಬೆಂಕಿಯ ಶಾಖ ತಡೆಯುವ ಹೊದಿಕೆ ಇರಬೇಕು ಅಂತ ಇಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಮನೆಗಳಲ್ಲಿ ಅದಕ್ಕೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಹೊಡೆಯುತ್ತಾರೆ. ಗ್ರೀನ್‌ಹೌಸ್‌ನ ತೇವಕ್ಕೆ ಅದು ಬೂಷ್ಟು ಹಿಡಿದು ಕಳಚಿ ಬೀಳುತ್ತದೆ. ನಾನು ಸಿಮೆಂಟ್ ಬೋರ್ಡ್ ಹಾಕಿ ಬಿಳಿ ಬಣ್ಣ ಹೊಡೆದೆ. ಬೆಂಕಿಗೆ ಉಬ್ಬಿ ರಕ್ಷಣೆ ಕೊಡುವ ವಿಶೇಷ ಬಣ್ಣಗಳೂ ಇವೆ, ಆದರೆ ನಿಮ್ಮ ಫೋಮ್‌ಗೂ ತೇವದ ಜಾಗಕ್ಕೂ ಅದು ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿರಬೇಕು.

ಗ್ರೀನ್‌ಹೌಸ್ ಮನೆಗೆ ಅಂಟಿಕೊಂಡೇ ಇದ್ದರೆ ನಗರದ ಕಟ್ಟಡ ಇಲಾಖೆಯಲ್ಲಿ ಕೇಳದೆ ಕೈ ಹಾಕಬೇಡಿ. ಹೀಟರ್ ಎಲ್ಲೇ ಇದ್ದರೂ ಸುತ್ತ ಮೂರು ಅಡಿ ಖಾಲಿ ಇರಲಿ.

ಕಿಟ್ ತಂದು ನಾನೇ ಹೊಡೆದುಕೊಳ್ಳಬಹುದಾ?

ಈ ಪ್ರಶ್ನೆಗೆ ಉತ್ತರ ಬರೆಯುವಾಗ ನನಗೆ ಪ್ರತಿ ಸಲ ಭಯ ಆಗುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಫೋಮ್ ಅಂದರೆ ಎರಡು ದ್ರವ. ಒಂದರಲ್ಲಿ ಐಸೊಸೈನೇಟ್, ಇನ್ನೊಂದರಲ್ಲಿ ಪಾಲಿಯಾಲ್ ಮತ್ತು ಅದನ್ನು ಉಬ್ಬಿಸುವ ಅನಿಲ. ಗನ್ನಿನ ಮೂತಿಯಲ್ಲಿ ಎರಡೂ ಸೇರುತ್ತವೆ. ಗೋಡೆಗೆ ಬಿದ್ದಾಗ ಬಣ್ಣದ ಹಾಗೆ ತೆಳ್ಳಗಿರುತ್ತದೆ, ನೋಡನೋಡುತ್ತಿದ್ದ ಹಾಗೇ ಹುದುಗು ಬಂದ ದೋಸೆ ಹಿಟ್ಟಿನಂತೆ ಉಬ್ಬುತ್ತದೆ. ನೋಡಲು ಚೆಂದ. ಆದರೆ ಆ ಹೊತ್ತಿನಲ್ಲಿ ಗಾಳಿಯಲ್ಲಿ ಐಸೊಸೈನೇಟ್ ತೇಲುತ್ತಿರುತ್ತದೆ. ಅದು ಆಸ್ತಮಾ ತರಬಲ್ಲದು. ಒಮ್ಮೆ ನಿಮ್ಮ ಮೈ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಆಮೇಲೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ, ಆ ಅಲರ್ಜಿ ಹಿಂದಕ್ಕೆ ಹೋಗುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ವೃತ್ತಿಯವರು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಎಳೆದುಕೊಳ್ಳುವ ಮುಖವಾಡ, ಇಡೀ ಮೈಗೆ ಸೂಟು, ಕೈಗವಸು ಹಾಕಿಕೊಳ್ಳುತ್ತಾರೆ. ಬಟ್ಟೆಯ ಮಾಸ್ಕ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಗ್ರೀನ್‌ಹೌಸ್ ಬೇರೆ ಚಿಕ್ಕದು, ಮೂಗಿನ ಮುಂದೆಯೇ ಮೋಡ ಕಟ್ಟುತ್ತದೆ.

ನನ್ನ ಅಭಿಪ್ರಾಯ: ಇಡೀ ಗೋಡೆಗೆ ನೀವೇ ಹೊಡೆಯಬೇಡಿ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಯೋಚನೆಯನ್ನೂ ಮಾಡಬೇಡಿ. ಬೇರೆಯವರ ಕೈಲಿ ಹೊಡೆಸಿದರೂ ಮಕ್ಕಳು, ನಾಯಿ, ನೀವು ಎಲ್ಲರೂ 24 ಗಂಟೆ ಆ ಕಡೆ ಸುಳಿಯಬಾರದು. ಬಾಗಿಲು, ಕಿಂಡಿ ತೆರೆದು ಫ್ಯಾನ್ ಹಾಕಿಡಿ. ಗಿಡಗಳನ್ನೂ ಮೊದಲೇ ಹೊರಗೆ ಸಾಗಿಸಿ.

ಕೆಲಸಗಾರರ ಮೇಲೆ ಏನು ಕಣ್ಣಿಡಬೇಕು?

ನನಗೆ ಆದ ಅನುಭವ ಹೇಳುತ್ತೇನೆ. ಅಕ್ಟೋಬರ್‌ನ ಒಂದು ಬೆಳಿಗ್ಗೆ ಏಳೂವರೆಗೇ ಬಂದರು. ರಾತ್ರಿ ಇಬ್ಬನಿ ಸುರಿದು ಪ್ಲೈವುಡ್ ತಣ್ಣಗೆ, ಒದ್ದೆ ಇತ್ತು. ಒಣಗಲಿ, ಹತ್ತು ಗಂಟೆಯ ಮೇಲೆ ಶುರು ಮಾಡಿ ಅಂದೆ. ಇನ್ನೊಂದು ಕೆಲಸ ಇದೆ ಅಂತ ಕೇಳಲಿಲ್ಲ. ಎರಡು ಸಲದಲ್ಲಿ ತೆಳ್ಳಗೆ ಹೊಡೆಯಬೇಕಿದ್ದ ಫೋಮ್ ಅನ್ನು ಒಂದೇ ಸಲಕ್ಕೆ, ಕೆಲವು ಕಡೆ ಮೂರು ಇಂಚಿಗಿಂತ ಜಾಸ್ತಿ ದಪ್ಪ ಹೊಡೆದು ಹೊರಟುಹೋದರು. ನವೆಂಬರ್ ಹೊತ್ತಿಗೆ ಕಂಬದ ಪಕ್ಕ ಫೋಮ್ ಬಿಟ್ಟುಕೊಂಡು ಸಂದು ಬಿತ್ತು, ನನ್ನ ಉಗುರು ಒಳಗೆ ಹೋಗುವಷ್ಟು. ವಾರಗಟ್ಟಲೆ ಹಳಸಿದ ಮೀನಿನ ವಾಸನೆ. ಕೊನೆಗೆ ಗರಗಸ ತಂದು ಒಂದು ಭಾಗ ಕೊಯ್ದು ನೋಡಿದರೆ ಮಧ್ಯದಲ್ಲಿ ಕೆಂಪಗೆ ಸೀದ ಹಾಗಿತ್ತು. ಆ ಎರಡು ದ್ರವ ಸೇರುವಾಗ ಶಾಖ ಹುಟ್ಟುತ್ತದೆ, ದಪ್ಪ ಜಾಸ್ತಿ ಆದರೆ ಶಾಖ ಹೊರಗೆ ಬರಲಾಗದೆ ಒಳಗೇ ಸುಡುತ್ತದೆ. ಹೀಗೆ ಬೆಂಕಿ ಹತ್ತಿಕೊಂಡದ್ದೂ ಉಂಟು. ಮೀನಿನ ವಾಸನೆ ಬಂದರೆ ದ್ರವಗಳ ಅಳತೆ ತಪ್ಪಿರಬಹುದು ಅಂತ ಅನುಮಾನ ಪಡಿ.

ಅದಕ್ಕೇ ಮೊದಲೇ ಕೇಳಿ: ಮರದ ತೇವ ಅಳೆಯುತ್ತೀರಾ? ಅದು 19 ಶೇಕಡಾಕ್ಕಿಂತ ಕಡಿಮೆ ಇರಬೇಕು. ಒಂದು ಸಲಕ್ಕೆ ಎಷ್ಟು ಇಂಚು ಹೊಡೆಯುತ್ತೀರಿ? ಸಾಮಾನ್ಯವಾಗಿ 2 ಇಂಚು ಮೀರಬಾರದು, ನಡುವೆ ಆರಲು ಬಿಡಬೇಕು. ಉಬ್ಬಿಸುವ ಅನಿಲ ಯಾವುದು? ಹಳೆಯ ಎಚ್‌ಎಫ್‌ಸಿ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ನ ಸಾವಿರ ಪಟ್ಟು ಹತ್ತಿರ, ಹೊಸ ಎಚ್‌ಎಫ್‌ಒ ಹಾಗಲ್ಲ. ಕರಿಬೇವು ಉಳಿಸಲು ಹೋಗಿ ಅಷ್ಟು ಹಾನಿ ಮಾಡುವುದು ನನಗಂತೂ ಸರಿ ಕಾಣಲ್ಲ.

ಇಷ್ಟೆಲ್ಲ ರಗಳೆ ಯಾಕೆ? ಫೋಮ್ ಬೋರ್ಡ್ ಹಾಕಿದರೆ ಆಗಲ್ವಾ?

ಆಗುತ್ತದೆ. ಚಿಕ್ಕ ಗ್ರೀನ್‌ಹೌಸ್‌ಗೆ ಅದೇ ಒಳ್ಳೆಯದು ಅಂತ ಈಗ ನಾನು ಹೇಳುತ್ತೇನೆ. ಗಟ್ಟಿ ಎಕ್ಸ್‌ಪಿಎಸ್ ಬೋರ್ಡ್ (ಪಾಲಿಸ್ಟೈರೀನ್ ಫೋಮ್‌ನ ಹಲಗೆ) ಇಂಚಿಗೆ ಆರ್ 5 ಕೊಡುತ್ತದೆ. ಕಂಬಗಳ ನಡುವೆ ಸರಿಯಾಗಿ ಕತ್ತರಿಸಿ ಕೂರಿಸಿ, ಸುತ್ತಲಿನ ಸಂದಿಗೆ ಡಬ್ಬದ ಫೋಮ್ (ಚಿಕ್ಕ ಡಬ್ಬದಿಂದ ಸಂದಿಗೆ ಹಿಂಡುವಂಥದ್ದು) ತುಂಬಿ. ಎರಡು ಭಾನುವಾರದ ಕೆಲಸ. ತಪ್ಪಾದರೆ ಬಿಚ್ಚಬಹುದು. ಇದನ್ನೂ ಮುಚ್ಚಲೇಬೇಕು, ಬೆಂಕಿಯ ಮಾತು ಇದಕ್ಕೂ ಸೇರಿತು. ನಾನು ಕೊಯ್ದು ತೆಗೆದ ಭಾಗಕ್ಕೆ ಬೋರ್ಡೇ ಹಾಕಿದ್ದು, ಚಳಿಯಲ್ಲಿ ಕೈಯಿಟ್ಟು ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಹಾಗಾದರೆ ಸ್ಪ್ರೇ ಯಾರಿಗೆ? ಗೋಡೆ ಅಂಕುಡೊಂಕಾಗಿದ್ದರೆ, ಕಲ್ಲಿನದಾದರೆ, ಹಳೇ ಕೊಟ್ಟಿಗೆಯ ತಗಡಿನ ಗೋಡೆಗೆ ಗ್ರೀನ್‌ಹೌಸ್ ಆನಿಸಿದ್ದರೆ. ಅಲ್ಲಿ ಬೋರ್ಡ್ ಕೂರುವುದಿಲ್ಲ. ತಗಡಿನ ಹಿಂದೆ ನೀರು ಬೆವರುವುದನ್ನೂ ಸ್ಪ್ರೇ ಚೆನ್ನಾಗಿ ನಿಲ್ಲಿಸುತ್ತದೆ.

ಡಬ್ಬದ ಫೋಮ್ ಎಲ್ಲೆಲ್ಲಿ ಹಾಕಬೇಕು?

ಗಾಳಿ ನುಗ್ಗುವ ಎಲ್ಲ ಕಡೆ, ಮತ್ತು ಎಲ್ಲಕ್ಕಿಂತ ಮೊದಲು. ಗಾಳಿ ಜೋರಾಗಿ ಬೀಸುವ ರಾತ್ರಿ ಒಂದು ಊದುಬತ್ತಿ ಹಚ್ಚಿಕೊಂಡು ಒಳಗೆ ಹೋಗಿ. ಚೌಕಟ್ಟಿನ ಉದ್ದಕ್ಕೂ, ಬಾಗಿಲ ಕೆಳಗೆ, ಪೈಪು ಒಳಬರುವ ಕಡೆ, ಗೋಡೆ ನೆಲ ಸೇರುವ ಮೂಲೆಯಲ್ಲಿ ನಿಧಾನಕ್ಕೆ ಹಿಡಿದುಕೊಂಡು ನಡೆಯಿರಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಾನು ಮೊದಲ ಸಲ ಮಾಡಿದಾಗ ಮಲ್ಲಿಗೆ ಕುಂಡದ ಹಿಂದೆ, ಮೂಲೆಯಲ್ಲಿ, ಹೊಗೆ ಅಡ್ಡಕ್ಕೆ ಮಲಗಿಬಿಟ್ಟಿತು. ಆ ಗಿಡ ಎರಡು ಚಳಿಗಾಲ ಯಾಕೆ ಒಂದೇ ಕಡೆ ಎಲೆ ಉದುರಿಸುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಬಾಗಿಲು ಕಿಟಕಿಯ ಸುತ್ತ ಕಡಿಮೆ ಉಬ್ಬುವ ಬಗೆಯದ್ದೇ ತನ್ನಿ, ಜಾಸ್ತಿ ಉಬ್ಬುವುದು ಚೌಕಟ್ಟನ್ನೇ ಬಗ್ಗಿಸಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಇದರಲ್ಲೂ ಐಸೊಸೈನೇಟ್ ಇದೆ, ಕೈಗವಸು ಹಾಕಿ, ಬಾಗಿಲು ತೆರೆದಿಡಿ.

ನೆಲದ ಕಡೆಯಿಂದಲೂ ಚಳಿ ಬರುತ್ತದಾ?

ಖಂಡಿತ. ಮಿನೆಸೋಟದ ದಕ್ಷಿಣ ಭಾಗದಲ್ಲಿ ಅಡಿಪಾಯ 42 ಇಂಚು, ಉತ್ತರದಲ್ಲಿ 60 ಇಂಚು ಆಳ ಇರಬೇಕು ಅನ್ನುವ ನಿಯಮ ಇದೆ, ಅಷ್ಟು ಆಳಕ್ಕೆ ಮಣ್ಣು ಹೆಪ್ಪುಗಟ್ಟಬಹುದು ಅಂತ. ಗ್ರೀನ್‌ಹೌಸ್ ಸುತ್ತ ಎರಡು ಅಡಿ ಅಗೆದು 2 ಇಂಚಿನ ಎಕ್ಸ್‌ಪಿಎಸ್ ಬೋರ್ಡ್ ನಿಲ್ಲಿಸಿ. ನೆಲದ ಮೇಲೆ ಕಾಣುವ ಕಾಂಕ್ರೀಟ್ ಭಾಗಕ್ಕೆ ಸ್ಪ್ರೇ ಚೆನ್ನಾಗಿ ಹಿಡಿಯುತ್ತದೆ, ಹೊರಗಿನಿಂದ ಮುಚ್ಚಬೇಕು ಅಷ್ಟೇ. ಇಲಿಗಳು ಫೋಮ್ ಕೊರೆದು ಗೂಡು ಮಾಡುತ್ತವೆ, ಮರ ಕೊರೆಯುವ ದೊಡ್ಡ ಕಪ್ಪು ಗೊದ್ದಗಳೂ ಅಷ್ಟೇ. ಕೆಳಗಿನ ಒಂದು ಅಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಯಿರಿ.

ಫೋಮ್ ಆದ ಮೇಲೆ ಒಳಗೆ ತೇವ ಜಾಸ್ತಿ ಆಯಿತು, ಎಲೆ ಮೇಲೆ ಬೂದು ಬೂಷ್ಟು. ಏನು ತಪ್ಪಾಯಿತು?

ಏನೂ ತಪ್ಪಾಗಿಲ್ಲ. ಮೊದಲು ಸಂದುಗಳಿಂದ ತೇವ ತಾನಾಗೇ ಹೋಗುತ್ತಿತ್ತು, ಈಗ ದಾರಿ ಇಲ್ಲ. ಒಳಗೆ 60 ಡಿಗ್ರಿ ಫ್ಯಾರನ್‌ಹೀಟ್, ತೇವಾಂಶ 85 ಶೇಕಡಾ ಇದ್ದರೆ 55 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಎಲೆಗಳ ಮೇಲೂ. ಒಂದು ಚಿಕ್ಕ ಫ್ಯಾನ್ ದಿನವಿಡೀ ತಿರುಗಲಿ. ನೀರು ಬೆಳಿಗ್ಗೆ ಮಾತ್ರ ಹಾಕಿ. ಬಿಸಿಲಿರುವ ಮಧ್ಯಾಹ್ನ ಹತ್ತು ನಿಮಿಷ ಕಿಂಡಿ ತೆಗೆಯಿರಿ, ಶಾಖ ಹೋಗುತ್ತದೆ ಅಂತ ಜಿಪುಣತನ ಮಾಡಬೇಡಿ. ಮುಚ್ಚಿದ ಗ್ರೀನ್‌ಹೌಸ್‌ನಲ್ಲಿ ಗಿಡಗಳು ಒಳಗಿನ ಇಂಗಾಲದ ಡೈಆಕ್ಸೈಡ್ ಅನ್ನೂ ಎಳೆದು ಕಡಿಮೆ ಮಾಡಿರುತ್ತವೆ, ಹೊಸ ಗಾಳಿ ಅದಕ್ಕೂ ಬೇಕು.

ಇನ್ನೊಂದು, ಇದು ಜೀವದ ಮಾತು. ಹೊಗೆ ಕೊಳವೆ ಇಲ್ಲದ ಪ್ರೊಪೇನ್ ಹೀಟರ್ ಅನ್ನು ಹೀಗೆ ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಜೊತೆ ಬರುವ ಎಥಿಲೀನ್ ಗಿಡಗಳನ್ನೂ ಕೆಡಿಸುತ್ತದೆ.

ಫೋಮ್ ಹಾಕಿದರೆ ರಾತ್ರಿ ಹೀಟರ್ ಬೇಡವಾ?

ಬೇಕು. ಫೋಮ್ ಶಾಖ ತಡೆಯುತ್ತದೆ, ಕೂಡಿಡುವುದಿಲ್ಲ. ಕೂಡಿಡಲು ನೀರು ಬೇಕು. 55 ಗ್ಯಾಲನ್ ಡ್ರಮ್ಮಿನಲ್ಲಿ ಸುಮಾರು 208 ಲೀಟರ್ ಹಿಡಿಯುತ್ತದೆ. ಅದು ಒಂದು ಡಿಗ್ರಿ ಫ್ಯಾರನ್‌ಹೀಟ್ ತಣಿದರೆ 460 ಬಿಟಿಯು ಬಿಡುತ್ತದೆ. ಉತ್ತರದ ಬಿಳಿ ಗೋಡೆಯ ಮುಂದೆ ಮೂರು ಡ್ರಮ್ಮಿಗೆ ಕಪ್ಪು ಬಣ್ಣ ಹೊಡೆದು ನಿಲ್ಲಿಸಿದ್ದೇನೆ. ಚೀನಾದ ಉತ್ತರದಲ್ಲಿ, ಶಾನ್‌ಡಾಂಗ್ ಕಡೆ, ರೈತರು ದಪ್ಪ ಮಣ್ಣಿನ ಉತ್ತರ ಗೋಡೆ ಕಟ್ಟಿ, ರಾತ್ರಿ ಮಾಡಿನ ಮೇಲೆ ಹುಲ್ಲಿನ ಚಾಪೆ ಸುರುಳಿ ಬಿಚ್ಚಿ ಹೊದಿಸುತ್ತಾರೆ. ನಾವು ಮಾಡುತ್ತಿರುವುದೂ ಅದೇ ಬುದ್ಧಿವಂತಿಕೆ, ಸಾಮಾನು ಬೇರೆ. ಆ ಚಾಪೆಯ ಪಾಠವನ್ನು ಮಾತ್ರ ಬಿಡಬೇಡಿ, ಯಾಕಂದರೆ ಜಾಸ್ತಿ ಶಾಖ ಹೋಗುವುದು ಆ 300 ಚದರ ಅಡಿಯಿಂದ. ರಾತ್ರಿಗೆ ಒಳಗಿನಿಂದ ಒಂದು ದಪ್ಪ ಪರದೆ ಎಳೆದರೂ ಎಷ್ಟೋ ಉಪಯೋಗ.

ಕರಿಬೇವಿಗೆ ಎಷ್ಟು ಡಿಗ್ರಿ ಇಟ್ಟರೆ ಸಾಕು?

ನಾನು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಯಲು ಬಿಡಲ್ಲ. ಅದರಲ್ಲಿ ಬೆಳೆಯುವುದಿಲ್ಲ, ಒಂದಷ್ಟು ಎಲೆ ಹಳದಿಯಾಗಿ ಉದುರುತ್ತದೆ, ಆದರೆ ಮಾರ್ಚ್‌ನಲ್ಲಿ ಚಿಗುರುತ್ತದೆ. ಆ ತಿಂಗಳುಗಳಲ್ಲಿ ನೀರು ತೀರಾ ಕಡಿಮೆ. ವೀಳ್ಯದೆಲೆಗೆ ಈ ಚಳಿ ಆಗಿಬರಲ್ಲ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅದು ಮನೆಯೊಳಗೆ, ದೇವರ ಕೋಣೆ ಪಕ್ಕದ ಕಿಟಕಿಯಲ್ಲಿರುತ್ತದೆ. ಇನ್ನೊಂದು ಮಾತು: ಫ್ಲಾರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಸ್ನೇಹಿತರ ಮನೆಯಿಂದ ಕರಿಬೇವಿನ ಸಸಿ ಕಾರಿನಲ್ಲಿ ಇಟ್ಟುಕೊಂಡು ಬರಬೇಡಿ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಅಂತ ನಿರ್ಬಂಧ ಇದೆ.

ಊರಲ್ಲಿ ಅಣ್ಣನ ಪಾಲಿಹೌಸ್ ಇದೆ, ಅದಕ್ಕೂ ಹೊಡೆಸಲಾ?

ಬೇಡ. ಕರ್ನಾಟಕದ ಪಾಲಿಹೌಸ್‌ಗೆ ಶತ್ರು ಚಳಿಯಲ್ಲ, ಸೆಕೆ. ಅಲ್ಲಿ ಬೇಕಾಗಿರುವುದು ಮೇಲೆ ಗಾಳಿ ಹೋಗುವ ಕಿಂಡಿ, ನೆರಳು ಪರದೆ, ನೀರನ್ನು ಮಂಜಿನ ಹಾಗೆ ಚಿಮುಕಿಸುವ ಫಾಗರ್. ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಫಲಪುಷ್ಪ ಪ್ರದರ್ಶನದ ಜನವರಿಯಲ್ಲೂ ಅದಕ್ಕೆ ಹೀಟರ್ ಬೇಕಾಗಿಲ್ಲ. ಅಣಬೆ ಬೆಳೆಯುವ ಕೋಣೆ, ಶೀತಲಗೃಹ ಆದರೆ ಮಾತು ಬೇರೆ. ಅಲ್ಲಿ ಪಫ್ ಪ್ಯಾನೆಲ್ ಅಂತ ಹಾಕುತ್ತಾರಲ್ಲ, ಎರಡು ತಗಡಿನ ನಡುವೆ ಇರುವುದು ಇದೇ ಜಾತಿಯ ಫೋಮ್.

ಕೆಲಸ ಯಾವಾಗ ಮಾಡಿಸಬೇಕು?

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಗಳು. ಗಿಡಗಳು ಹೇಗೂ ಹೊರಗಿರುತ್ತವೆ, ಮರ ಒಣಗಿರುತ್ತದೆ, ಗೋಡೆ ಬೆಚ್ಚಗಿರುತ್ತದೆ. ಹಿಂದಿನ ಮೂರು ದಿನ ಮಳೆ ಬಂದಿರಬಾರದು. ಹೊಡೆದ ಮೇಲೆ ಒಂದು ವಾರ ಬಾಗಿಲು ತೆರೆದಿಟ್ಟು, ಹೆಚ್ಚುವರಿ ಫೋಮ್ ಕೊಯ್ದು, ಪುಡಿಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ, ಬೋರ್ಡ್ ಹೊಡೆದು, ಬಣ್ಣ ಹಚ್ಚಿ. ವಾಸನೆ ಪೂರ್ತಿ ಹೋದ ಮೇಲೆ ಮೊದಲು ಒಂದೇ ಒಂದು ಕುಂಡ ಒಳಗಿಟ್ಟು ನಾಲ್ಕು ದಿನ ನೋಡಿ. ಎಲೆ ಚೆನ್ನಾಗಿದ್ದರೆ ಉಳಿದವನ್ನು ತನ್ನಿ, ಇಲ್ಲಿ ಸೆಪ್ಟೆಂಬರ್ ಕೊನೆಯ ವಾರದಿಂದಲೇ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಶುರುವಾಗಬಹುದು.